ನೂರ ಇಪ್ಪತ್ತೇಳು ಎಣಿಸುವವರೆಗೆ

ಬೀಗಣ್ಣ ಅಂದರೆ ಯಾರ ಮನೆಯ ಬೀಗರೂ ಅಲ್ಲ. ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಹಾಗೆ ಕರೆಯುವುದಕ್ಕೆ ಎರಡು ಕಾರಣ. ಆಸ್ಪತ್ರೆಯ ಕಂಪ್ಯೂಟರುಗಳ ನಡುವೆ ಯಾವ ಮಾತು ದಾಟಬೇಕು, ಯಾವುದು ದಾಟಬಾರದು ಎಂದು ನೋಡುವ ಕಾವಲು ಪೆಟ್ಟಿಗೆ, ಫೈರ್‌ವಾಲ್ ಅಂತಾರಲ್ಲ ಅದು, ಅವನ ಕೈಯಲ್ಲಿತ್ತು. ಇನ್ನೊಂದು ಕಾರಣ ಅವನ ಮನೆಯ ಬಾಗಿಲು. ಮನೆಯವರೆಲ್ಲ ಹೊರಟು ನಿಂತಾಗ ಬೀಗ ಹಾಕಿ ಮೂರು ಸಲ ಜಗ್ಗಿ ನೋಡದೆ ಈ ಮಹಾರಾಯ ಮೆಟ್ಟಿಲು ಇಳಿದವನಲ್ಲ. ಬೀದಿಯ ತಿರುವಿನವರೆಗೆ ಹೋಗಿ, ಎದೆಯಲ್ಲಿ ಏನೋ ಕುಟುಕಿ, ನಾಲ್ಕನೇ ಸಲ ವಾಪಸು ಬಂದದ್ದೂ ಉಂಟು. "ಬೀಗ ಚೆನ್ನಾಗಿದೆಯಂತಾ? ನನ್ನನ್ನೂ ಕೇಳಿತಾ?" ಎಂದು ಹೆಂಡತಿ ಕಿಚಾಯಿಸಿದರೆ ಮುಖ ಸಣ್ಣದು ಮಾಡಿಕೊಂಡು ಮುಂದೆ ನಡೆಯುತ್ತಿದ್ದ.

ಹುಟ್ಟು ಪುಕ್ಕಲ, ಇನ್ನೇನು ಹೇಳೋಣ. ಅವನಿಗೆ ಹದಿಮೂರು ತುಂಬುವಷ್ಟರಲ್ಲಿ ತಂದೆತಾಯಿ ಇರಲಿಲ್ಲ, ಅಣ್ಣನೂ ಹೋಗಿಬಿಟ್ಟಿದ್ದ. ಉಳಿದವರು ಅತ್ತಿಗೆ ಒಬ್ಬರು. ಇಪ್ಪತ್ತಮೂರರ ಪ್ರಾಯದ ಆಕೆ "ಈ ಹುಡುಗನನ್ನು ಎಲ್ಲಿ ಬಿಡಲಿ?" ಎಂದು ತಿರುಗಿ ಕೇಳಿ, ಬುದ್ಧಿ ಹೇಳಲು ಬಂದವರ ಬಾಯಿ ಮುಚ್ಚಿಸಿ, ನರ್ಸ್ ಕೆಲಸಕ್ಕೆ ಸೇರಿ, ಮೈದುನನನ್ನು ಓದಿಸಿದರು. ಪರೀಕ್ಷೆಯ ದಿನ ಅತ್ತಿಗೆ ಯೂನಿಫಾರಂನಲ್ಲೇ ಬಂದು ಕಿಟಕಿಗೆ ಕಾಣುವಂತೆ ಹೊರಗೆ ನಿಲ್ಲಬೇಕಿತ್ತು. ಇಲ್ಲದಿದ್ದರೆ ಇವನ ಪೆನ್ನು ಓಡುತ್ತಿರಲಿಲ್ಲ. ಈಗ ಇವನಿಗೆ ನಲವತ್ತಾರು, ಅರ್ಧ ತಲೆ ಬೆಳ್ಳಗಾಗಿದೆ. ಅತ್ತಿಗೆ ಇವನ ಮನೆಯಲ್ಲೇ ಇದ್ದಾರೆ, ಇನ್ನೂ "ಮರಿ" ಅಂತಲೇ ಕರೆಯುತ್ತಾರೆ. ಇಬ್ಬರೂ ಒಂದೇ ಆಸ್ಪತ್ರೆ. ಅವರು ಮೇಲಿನ ಮಹಡಿಯಲ್ಲಿ ಹಸುಗೂಸುಗಳ ವಾರ್ಡಿಗೆ ಹಿರಿಯ ನರ್ಸ್, ಇವನು ನೆಲಮಾಳಿಗೆಯಲ್ಲಿ ಕಾವಲು ಪೆಟ್ಟಿಗೆಗೆ ಕಾವಲುಗಾರ.

ಆ ಪೆಟ್ಟಿಗೆಯ ಕೆಲಸದಲ್ಲಿ ಒಂದು ವಿದ್ಯೆ ಇದೆ, ಪ್ಯಾಕೆಟ್ ಹಿಡಿಯುವುದು ಅಂತ. ಕಂಪ್ಯೂಟರುಗಳ ಮಾತು ಸಣ್ಣ ಸಣ್ಣ ಪ್ಯಾಕೆಟ್ ಆಗಿ ಓಡಾಡುತ್ತದೆ. ಎಲ್ಲೋ ಏನೋ ತಲುಪಲಿಲ್ಲ ಎಂದು ತಕರಾರು ಬಂದಾಗ, "ನಿನ್ನ ಮುಂದೆ ಹಾದುಹೋಗುವುದರ ಒಂದೊಂದು ಪ್ರತಿ ನನಗೂ ತೋರಿಸು" ಎಂದು ಪೆಟ್ಟಿಗೆಗೆ ಹೇಳಬಹುದು. ಒಳಗೆ ಬಂದದ್ದೇನು, ಹೊರಗೆ ಹೋದದ್ದೇನು, ಕಣ್ಣಾರೆ ಕಾಣುತ್ತದೆ. ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಬೀಗಣ್ಣ ಮಾತ್ರ ಆರು ವರ್ಷದಿಂದ ಆ ಸಾಕ್ಷಿಯ ಗೋಜಿಗೆ ಹೋಗಿರಲಿಲ್ಲ.

ಯಾಕೆ ಅಂದರೆ, ಆರು ವರ್ಷದ ಹಿಂದೆ, ಪೆಟ್ಟಿಗೆ ಹೊಸದಾಗಿ ಬಂದಾಗ, ತನ್ನ ಮೇಜಿನಿಂದಲೇ ಅದರೊಳಗೆ ಹೊಕ್ಕು "ತೋರಿಸು" ಅಂದುಬಿಟ್ಟಿದ್ದ. ಯಾವುದನ್ನು ತೋರಿಸು ಅಂತ ಹೇಳಲಿಲ್ಲ. ಪೆಟ್ಟಿಗೆ ತೋರಿಸಿತು. ಆ ತೋರಿಸುವಿಕೆಯೂ ಪ್ಯಾಕೆಟ್ ಆಗಿಯೇ ಅದೇ ಪೆಟ್ಟಿಗೆಯ ಮೂಲಕ ಇವನ ಸ್ಕ್ರೀನಿಗೆ ಬರಬೇಕಲ್ಲ? ಪೆಟ್ಟಿಗೆ ಅವನ್ನೂ ಕಂಡಿತು, ಅವನ್ನೂ ತೋರಿಸಿತು, ಹಾಗೆ ತೋರಿಸಿದ್ದನ್ನು ಮತ್ತೆ ಕಂಡಿತು. ಎರಡು ಕನ್ನಡಿ ಎದುರುಬದುರು ಇಟ್ಟ ಹಾಗೆ. ಸ್ಕ್ರೀನಿನ ಮೇಲೆ ಸಾಲುಗಳು ಹೊಳೆಯಂತೆ ಹರಿದವು, ನಿಲ್ಲಿಸು ಅಂದರೆ ಕೇಳುವ ಪರಿಸ್ಥಿತಿಯಲ್ಲಿ ಪೆಟ್ಟಿಗೆ ಇರಲಿಲ್ಲ. ಹತ್ತೊಂಬತ್ತು ನಿಮಿಷ ಇಡೀ ಆಸ್ಪತ್ರೆ ಕಣ್ಣು ಕಟ್ಟಿದಂತಾಯಿತು. ಹೊಟ್ಟೆ ಕೊಯ್ದು ನಿಂತಿದ್ದ ಡಾಕ್ಟರಿಗೆ ಸ್ಕ್ಯಾನಿನ ಚಿತ್ರ ಸಿಗಲಿಲ್ಲ. ರಕ್ತದ ಫಲಿತಾಂಶ ಹಿಡಿದುಕೊಂಡು ಲ್ಯಾಬಿನವರು ಮೆಟ್ಟಿಲು ಹತ್ತಿ ಇಳಿದು ಓಡಾಡಿದರು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

"ಏನಾಯ್ತು?" ಎಂದು ಮೇಲಿನವರು ಕೇಳಿದಾಗ ಬೀಗಣ್ಣ "ಪೆಟ್ಟಿಗೆ ತಾನಾಗಿಯೇ ನಿಂತಿತು" ಅಂದಿದ್ದ. ನಂಬಿದರು. ಅಲ್ಲಿಂದ ಮುಂದೆ ಅವನ ಹೊಟ್ಟೆಯೊಳಗೆ ಒಂದು ತಣ್ಣನೆಯ ಕಲ್ಲು ಕೂತಿತು.

ಅತ್ತಿಗೆಯದು ಇದಕ್ಕೆ ತದ್ವಿರುದ್ಧ ಜೀವ. ಎದೆಯ ಮೇಲೆ ತಲೆಕೆಳಗಾಗಿ ತೂಗುವ ಪಿನ್ನಿನ ಗಡಿಯಾರ, ಹಾಕಿದ ಇಸ್ತ್ರಿ ಸಂಜೆಯವರೆಗೂ ಮುರಿಯದ ಬಿಳಿ ಬಟ್ಟೆ, ಕತ್ತರಿ ಹಾಕಿದಂತೆ ಮಾತು. ಅವರ ವಾರ್ಡಿನಲ್ಲಿ ಹನ್ನೆರಡು ತೊಟ್ಟಿಲು. ಒಂದೊಂದರ ಪಕ್ಕದಲ್ಲೂ ಕೂಸಿನ ಉಸಿರು ನೋಡುವ ಮೆಷಿನ್. ಉಸಿರು ತಪ್ಪಿದರೆ ಆ ಮೆಷಿನ್ ಗಾಜಿನ ಬಾಗಿಲಿನ ಆಚೆ ಇರುವ ನರ್ಸುಗಳ ಮೇಜಿಗೆ ಸುದ್ದಿ ಕಳಿಸುತ್ತದೆ, ಅಲ್ಲಿ ಬೆಲ್ಲು ಹೊಡೆಯುತ್ತದೆ. ತೊಟ್ಟಿಲ ಬಳಿ ಸದ್ದು ಮಾಡುವುದಿಲ್ಲ, ಉಳಿದ ಕೂಸುಗಳು ಬೆಚ್ಚಿ ಎದ್ದಾವು ಅಂತ. ಅರ್ಧ ಗಂಟೆಗೊಮ್ಮೆ ಸುತ್ತು ಬಂದು ಪ್ರತಿ ಮೆಷಿನ್ನಿನ ಮೇಲೆ "ನೋಡಿದೆ" ಎಂಬ ಹಸಿರು ಗುಂಡಿ ಒತ್ತಬೇಕು. ಅತ್ತಿಗೆ ಒಂದು ಸುತ್ತನ್ನೂ ತಪ್ಪಿಸಿದವರಲ್ಲ, ತಪ್ಪಿಸಿದವರನ್ನು ಬಿಟ್ಟವರೂ ಅಲ್ಲ. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಒಂದು ಕೂಸು ಉಸಿರು ನಿಂತು ಹೋಗಿಬಿಟ್ಟಿತು. ಆ ಪಾಳಿಯ ಚಿಕ್ಕ ಪ್ರಾಯದ ನರ್ಸ್ ಎರಡೂವರೆಯ ಸುತ್ತಿಗೆ ಹೋಗಿರಲಿಲ್ಲ. "ಬೆಲ್ಲು ಬರಲಿಲ್ಲ ಅಕ್ಕಾ" ಎಂದು ಆಕೆ ಅತ್ತಳು. ಫೋನಿನಲ್ಲಿ ಮುಳುಗಿದ್ದಿರಬೇಕು ಅಂದರು ಎಲ್ಲರೂ. ಅತ್ತಿಗೆಯ ಸಹಿ ಬಿತ್ತು, ಆಕೆಯ ಕೆಲಸ ಹೋಯಿತು. "ಮೂವತ್ತು ಕಣ್ಣಿದ್ರೂ ಸಾಲದ ಕೆಲಸ ಇದು. ಎರಡು ಕಣ್ಣನ್ನೂ ಮುಚ್ಕೊಂಡ್ರೆ ಹೆಂಗೆ?" ಎಂದು ಆ ದಿನ ಊಟಕ್ಕೆ ಕೂತಾಗ ಅತ್ತಿಗೆ ಸಿಡಿಮಿಡಿಗುಟ್ಟಿದ್ದು ಬೀಗಣ್ಣನಿಗೆ ಚೆನ್ನಾಗಿ ನೆನಪಿತ್ತು.

ಈಗ ಅದೇ ಆರೋಪ ಅತ್ತಿಗೆಯ ಕುತ್ತಿಗೆಗೆ ಬಂದಿತ್ತು.

ಹಿಂದಿನ ದಿನ ಮಧ್ಯಾಹ್ನ ಹನ್ನೆರಡಕ್ಕೆ ಅತ್ತಿಗೆ ಸುತ್ತು ಮುಗಿಸಿ ಹನ್ನೆರಡೂ ಗುಂಡಿ ಒತ್ತಿ ಮೇಜಿಗೆ ಬಂದು ಕೂತರು. ಹನ್ನೆರಡು ಗಂಟೆ ಹತ್ತೊಂಬತ್ತು ನಿಮಿಷಕ್ಕೆ ಏಳನೇ ತೊಟ್ಟಿಲಿನ ಕೂಸಿಗೆ ಉಸಿರು ನಿಂತಿದೆ. ಮೆಷಿನ್ ಸುದ್ದಿ ಕಳಿಸಿದೆ, ಅದರ ಹೊಟ್ಟೆಯಲ್ಲಿ ಹಾಗೆ ಬರೆದಿದೆ. ಬೆಲ್ಲು ಹೊಡೆಯಲಿಲ್ಲ. ಹನ್ನೆರಡೂ ಇಪ್ಪತ್ತೊಂದಕ್ಕೆ ಹಾಲು ಕೊಡಲು ಬಂದ ತಾಯಿ, ನೀಲಿಗಟ್ಟಿದ ಕೂಸನ್ನು ಕಂಡು ಕಿರುಚಿದಳು. ಅತ್ತಿಗೆ ಓಡಿ ಹೋಗಿ ಎರಡು ಬೆರಳಲ್ಲಿ ಎದೆ ಒತ್ತುತ್ತಿದ್ದಾಗ ಹಿಂದಿನಿಂದ ಬೆಲ್ಲು ಹೊಡೆಯಿತು. ಕೂಸು ಉಳಿಯಿತು. ಆದರೆ ಉಸಿರಿನ ಕೊಳವೆ ಹಾಕಿ ಬೇರೆ ಕೋಣೆಯಲ್ಲಿಟ್ಟಿದ್ದಾರೆ, ಕಣ್ಣು ಬಿಟ್ಟಿಲ್ಲ. ಬೆಲ್ಲಿನ ಸದ್ದನ್ನು ಅತ್ತಿಗೆಯೇ ಅಡಗಿಸಿಟ್ಟಿದ್ದರು, ಕಿರುಚಾಟ ಕೇಳಿ ಗಾಬರಿಯಲ್ಲಿ ಬಿಚ್ಚಿದರು ಎಂದು ಸಂಜೆಯೊಳಗೆ ಆಸ್ಪತ್ರೆ ತುಂಬ ಗುಸುಗುಸು. ಮರುದಿನ ಮೂರು ಗಂಟೆಗೆ ದೊಡ್ಡ ಡಾಕ್ಟರಮ್ಮನ ಕೋಣೆಯಲ್ಲಿ ವಿಚಾರಣೆ. ಅಲ್ಲಿಯವರೆಗೆ ಅತ್ತಿಗೆ ವಾರ್ಡಿಗೆ ಕಾಲಿಡುವಂತಿಲ್ಲ.

ವಿಚಾರಣೆಯ ದಿನ ಬೆಳಿಗ್ಗೆ ಬೀಗಣ್ಣ ಎದ್ದು ಬಂದಾಗ ಅತ್ತಿಗೆ ಅಡುಗೆಮನೆಯ ಮೇಜಿನ ಮುಂದೆ ಯೂನಿಫಾರಂ ಹಾಕಿಕೊಂಡೇ ಕೂತಿದ್ದರು. ಎದೆಯ ಮೇಲೆ ಗಡಿಯಾರ ಇತ್ತು. ಚಹಾ ಆರಿ ಕೆನೆಗಟ್ಟಿತ್ತು.

"ಬರಲಿಲ್ಲ ಕಣೋ ಮರಿ. ಬೆಲ್ಲು ಬರಲಿಲ್ಲ" ಅಂದರು. ಬೇರೆ ಪೀಠಿಕೆ ಇಲ್ಲ.

"ಮೆಷಿನ್ ಕಂಪನಿಯವನು ನಿನ್ನೆ ಸಂಜೆ ಬಂದು ನೋಡಿದ್ನಲ್ಲ ಅತ್ತಿಗೆ?"

"ಹತ್ತು ಸಲ ಒತ್ತಿದ್ನಂತೆ, ಹತ್ತು ಸಲವೂ ಹೊಡೀತಂತೆ. ಹಾಗಾದ್ರೆ ನನ್ನ ಕಿವಿಗೇ ಏನೋ ಆಗಿದೆ ಅಂತ ತಾನೆ ಅರ್ಥ?" ಕಪ್ಪನ್ನು ಅತ್ತಿತ್ತ ಸರಿಸಿದರು. "ಮೆಷಿನ್ನಿಗೂ ಮೇಜಿಗೂ ಮಧ್ಯೆ ಏನೇನಿದೆ?"

"ತಂತಿ ಇದೆ. ಆಮೇಲೆ…" ಬೀಗಣ್ಣ ಆರಿದ ಚಹಾದ ಕಡೆ ನೋಡಿದ. "ನನ್ನ ಪೆಟ್ಟಿಗೆ ಇದೆ."

"ಅದನ್ನ ಕೇಳಿದ್ಯಾ?"

"ಕೇಳ್ತೀನಿ ಅತ್ತಿಗೆ."

"ಕೇಳೋ. ನಂಗೆ ಭಯ ಆಗ್ತಿದೆ" ಅಂದರು ಅತ್ತಿಗೆ. ಮೂವತ್ತಮೂರು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದನ್ನು ಬೀಗಣ್ಣ ಕೇಳಿರಲಿಲ್ಲ. ಆ ಮನೆಯಲ್ಲಿ ಭಯಪಡುವ ಕೆಲಸ ಅವನೊಬ್ಬನದೇ ಆಗಿತ್ತು.

ಆಸ್ಪತ್ರೆಗೆ ಹೋದವನೇ ಬೇರೆ ಎಲ್ಲವನ್ನೂ ನೋಡಿದ. ತಂತಿ ನೋಡಿದ, ತಂತಿಯ ತುದಿ ನೋಡಿದ, ಮೇಜಿನ ಕಂಪ್ಯೂಟರ್ ನೋಡಿದ. ಮಾಡಬೇಕಾದದ್ದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಹನ್ನೊಂದಕ್ಕೆ ಮೆಷಿನ್ ಕಂಪನಿಯವನು ಸಿಕ್ಕಿದ. ಹೊಳೆಯುವ ಬೂಟು, ನಗುಮುಖದ ಮನುಷ್ಯ. ಕೈಯಲ್ಲಿ ವರದಿ ಹಿಡಿದಿದ್ದ.

"ನಮ್ಮ ಕಡೆಯಿಂದ ಏನೂ ತೊಂದರೆ ಇಲ್ಲ ಸಾರ್. ಹತ್ತಕ್ಕೆ ಹತ್ತು."

"ಒಂದು ಸಲವೂ ತಪ್ಪಲಿಲ್ವಾ?"

"ಇಲ್ಲ ಸಾರ್. ಮೊದಲನೇ ಸಲ ಮಾತ್ರ ಸರಿಯಾಗಿ ಒತ್ತಿರಲಿಲ್ಲ ಅನ್ಸುತ್ತೆ, ಬೆಲ್ಲು ಬರಲಿಲ್ಲ. ಅದನ್ನ ಲೆಕ್ಕಕ್ಕೆ ಹಿಡಿದಿಲ್ಲ. ಮತ್ತೆ ಒತ್ತಿದೆ, ಸ್ವಲ್ಪ ಹೊತ್ತಿಗೆ ಹೊಡೀತು, ಆಮೇಲೆ ಪಟಪಟ ಅಂತ ಒಂದರ ಹಿಂದೆ ಒಂದು."

ಬೀಗಣ್ಣ ಪಕ್ಕದ ಗೋಡೆ ಹಿಡಿದುಕೊಂಡ.

ಮೊದಲನೇ ಸಲ. ಬಹಳ ಹೊತ್ತು ಸುಮ್ಮನಿದ್ದ ಮೆಷಿನ್ ಮಾತಾಡಿದ ಮೊದಲನೇ ಸಲ.

ಕಾವಲು ಪೆಟ್ಟಿಗೆಯ ಬಳಿ ಒಂದು ಪಟ್ಟಿ ಇರುತ್ತದೆ: ಯಾರು ಯಾರ ಜೊತೆ ಮಾತಾಡುತ್ತಿದ್ದಾರೆ ಅಂತ. ಪಟ್ಟಿಯಲ್ಲಿ ಇರುವವರ ಮಾತು ದಾಟುತ್ತದೆ. ಇಷ್ಟು ಹೊತ್ತು ತುಟಿ ಪಿಟಕ್ಕೆನ್ನದೆ ಇದ್ದವರನ್ನು ಪಟ್ಟಿಯಿಂದ ಹೊಡೆದುಹಾಕು ಎಂದು ಒಂದು ಸಂಖ್ಯೆ ಬರೆದಿಟ್ಟಿರುತ್ತಾರೆ. ಆಮೇಲೆ ಅವರು ಹಳೆಯ ಮಾತು ಮುಂದುವರಿಸಲು ಬಂದರೆ ಪೆಟ್ಟಿಗೆ "ನೀನ್ಯಾರೋ" ಅನ್ನುವುದೂ ಇಲ್ಲ, ಪ್ಯಾಕೆಟ್ ಇಸಕೊಂಡು ಸದ್ದಿಲ್ಲದೆ ಬಿಸಾಡುತ್ತದೆ. ಪೆಟ್ಟಿಗೆ ತಂದು ಕೂರಿಸಿದವರು ಆ ಸಂಖ್ಯೆಯನ್ನು ನಲವತ್ತೈದು ನಿಮಿಷ ಎಂದು ಇಟ್ಟಿದ್ದರು. ಮೂರು ವಾರದ ಹಿಂದೆ ಪಟ್ಟಿ ತುಂಬುತ್ತಾ ಬಂದಿತ್ತು. ತುಂಬಿದರೆ ಪೆಟ್ಟಿಗೆ ಮತ್ತೆ ಬಿದ್ದೀತು, ಮತ್ತೆ ಹತ್ತೊಂಬತ್ತು ನಿಮಿಷ, ಮತ್ತೆ ಆ ಪ್ರಶ್ನೆ. ಬೆವರಿ ಹೋದ ಬೀಗಣ್ಣ ಯಾರಿಗೂ ಹೇಳದೆ, ಯಾವ ಕಡತದಲ್ಲೂ ಬರೆಯದೆ, ನಲವತ್ತೈದನ್ನು ಅಳಿಸಿ ಹತ್ತು ಎಂದು ಮಾಡಿದ್ದ. ಪಟ್ಟಿ ತಗ್ಗಿತು, ಇವನ ಎದೆಬಡಿತವೂ ತಗ್ಗಿತು.

ಉಸಿರು ಸರಿಯಾಗಿರುವ ಕೂಸಿನ ಮೆಷಿನ್ನಿಗೆ ಹೇಳುವುದಕ್ಕೆ ಏನಿರುತ್ತದೆ? ಸುಮ್ಮನಿರುತ್ತದೆ. ಹನ್ನೆರಡಕ್ಕೆ ಅತ್ತಿಗೆ ಗುಂಡಿ ಒತ್ತಿದಾಗ ಮೇಜಿಗೆ ಒಂದು ಮಾತು ಹೋಗಿದೆ. ಹನ್ನೆರಡೂ ಹತ್ತಕ್ಕೆ ಪೆಟ್ಟಿಗೆ ಅದನ್ನು ಮರೆತಿದೆ. ಹನ್ನೆರಡೂ ಹತ್ತೊಂಬತ್ತಕ್ಕೆ ಅದು ಬಾಗಿಲು ತಟ್ಟಿದೆ.

ಅಯ್ಯೋ, ಆ ಹೊತ್ತಿನಲ್ಲಿ ಅವನ ಮನಸ್ಸು ಎಲ್ಲೆಲ್ಲಿ ಓಡಿತು ಅಂತ ಮುಚ್ಚಿಟ್ಟು ಏನು ಪ್ರಯೋಜನ? ನೆಲಮಾಳಿಗೆಗೆ ಇಳಿದು ಹತ್ತನ್ನು ನಲವತ್ತೈದು ಮಾಡಿದರೆ ಮುಗಿಯಿತು. ಉಳಿದ ಹನ್ನೊಂದು ಕೂಸುಗಳಿಗೆ ಅಪಾಯ ಇಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಅತ್ತಿಗೆಯನ್ನು ಮನೆಗೆ ಕಳಿಸುತ್ತಾರೆ, ಅಷ್ಟೇ ತಾನೆ, ಹೇಗೂ ಎರಡು ವರ್ಷಕ್ಕೆ ನಿವೃತ್ತಿ. ಹೀಗೆ ಯೋಚಿಸಿದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಆದರೂ ಯೋಚನೆ ಹೋಗಲಿಲ್ಲ, ಮೆಟ್ಟಿಲು ಮೆಟ್ಟಿಲಿಗೂ ಜೊತೆಗೇ ಇಳಿಯಿತು.

ನೆಲಮಾಳಿಗೆಯ ಕೋಣೆಯಲ್ಲಿ ಯಾವಾಗಲೂ ಚಳಿ. ಫ್ಯಾನುಗಳ ಗುಂಯ್ ಅನ್ನುವ ಸದ್ದು, ಸಾಲು ಸಾಲು ಹಸಿರು ದೀಪ, ಒಂದು ಚಕ್ರ ಮುರಿದ ಕುರ್ಚಿ, ಗೋಡೆಯ ಮೇಲೆ ಹಳೆಯ ಫೋನು. ಬೀಗಣ್ಣ ಫೋನ್ ಎತ್ತಿ ಮೊದಲು ವಾರ್ಡಿಗೆ ಮಾಡಿದ. "ಬೆಲ್ಲನ್ನ ನಂಬಬೇಡಿ. ಇನ್ನು ಒಂದು ಗಂಟೆ ಯಾರೂ ಮೇಜಲ್ಲಿ ಕೂರಬೇಡಿ, ತೊಟ್ಟಿಲ ಪಕ್ಕದಲ್ಲೇ ನಿಂತ್ಕೊಳ್ಳಿ. ಕಣ್ಣಲ್ಲಿ ಕಣ್ಣಿಟ್ಟು ನೋಡ್ತಿರಿ" ಅಂದ. ಅವನ ದನಿ ಕೇಳಿ ಆ ಕಡೆಯವರು ಯಾಕೆ ಅಂತಲೂ ಕೇಳಲಿಲ್ಲ. ಆಮೇಲೆ ಅತ್ತಿಗೆಯ ಮೊಬೈಲಿಗೆ ಮಾಡಿದ. ಅವರು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದರು.

"ಏಳನೇ ತೊಟ್ಟಿಲು ಖಾಲಿ ಇದೆಯಲ್ಲ ಅತ್ತಿಗೆ? ಅದರ ಮೆಷಿನ್ ಹತ್ರ ಯಾರಾದ್ರೂ ಹೋಗ್ಬೇಕು. ಪರೀಕ್ಷೆಯ ಕೆಂಪು ಗುಂಡಿ ಒತ್ಬೇಕು, ನಾನು ಹೇಳಿದಾಗ. ನಾನು ಇಲ್ಲಿ ಪ್ಯಾಕೆಟ್ ಹಿಡೀತೀನಿ."

"ಏನು, ಬಿಸ್ಕತ್ತಿನ ಪ್ಯಾಕೆಟ್ಟಾ?" ಅಂದರು ಅತ್ತಿಗೆ. ಹೆದರಿದಾಗಲೂ ಬಾಯಿ ಸುಮ್ಮನಿರುವುದಿಲ್ಲ. ತಕ್ಷಣ, "ನಾನೇ ಹೋಗ್ತೀನಿ" ಅಂದರು.

"ನಿಮಗೆ ವಾರ್ಡಿಗೆ ಕಾಲಿಡಬೇಡಿ ಅಂದಿದಾರೆ."

"ಮಗು ಇಲ್ಲದ ತೊಟ್ಟಿಲಿಗೆ ಎಂಥಾ ವಾರ್ಡು? ಯಾರು ತಡೀತಾರೋ ನೋಡ್ತೀನಿ."

ಮೇಜಿನ ಬಳಿ ಬೆಲ್ಲು ಕೇಳಲು ಮೆಷಿನ್ ಕಂಪನಿಯವನನ್ನು ನಿಲ್ಲಿಸಿದ್ದಾಯಿತು. ಬೀಗಣ್ಣ ಲ್ಯಾಪ್‌ಟಾಪನ್ನು ಪೆಟ್ಟಿಗೆಯ ಪಕ್ಕಕ್ಕೇ ಒಯ್ದು, ಅದರ ಬೆನ್ನಿಗೆ ನೇರ ತಂತಿ ಚುಚ್ಚಿದ. ಈ ಸಲ ತೋರಿಸುವಿಕೆ ಆಸ್ಪತ್ರೆಯ ದಾರಿಯಲ್ಲಿ ಬರುವುದೇ ಬೇಡ. ಏಳನೇ ಮೆಷಿನ್ನಿನ ಸಂಖ್ಯೆ, ಮೇಜಿನ ಸಂಖ್ಯೆ, ಇವೆರಡರ ನಡುವಿನದ್ದು ಮಾತ್ರ. ಇನ್ನೂರು ಪ್ಯಾಕೆಟ್ ಆದರೆ ತಾನಾಗಿ ನಿಲ್ಲು. ಸ್ಕ್ರೀನಿನ ಎಡಗಡೆ ಪೆಟ್ಟಿಗೆಯೊಳಗೆ ಬಂದದ್ದು, ಬಲಗಡೆ ಪೆಟ್ಟಿಗೆಯಿಂದ ಹೊರಬಿದ್ದದ್ದು. ಬರೆದ ಸಾಲನ್ನು ಬೀಗ ಜಗ್ಗಿದ ಹಾಗೆ ಮೂರು ಸಲ ಓದಿದ. ನಾಲ್ಕನೇ ಸಲ ಓದಿದ. ಬೆರಳು ಗುಂಡಿಯ ಮೇಲಿತ್ತು, ಇಳಿಯಲೊಲ್ಲದು.

"ಮರಿ, ಇದೀಯಾ?" ಫೋನಿನಲ್ಲಿ ಅತ್ತಿಗೆ.

"ಇದೀನಿ."

"ನಾನು ಕಿಟಕಿ ಹತ್ರಾನೇ ನಿಂತಿದೀನಿ ಅಂದ್ಕೋ."

ಒತ್ತಿಬಿಟ್ಟ.

ಪೆಟ್ಟಿಗೆ ಬೀಳಲಿಲ್ಲ. ಹಸಿರು ದೀಪಗಳು ಹಾಗೇ ಮಿನುಗಿದವು. ಎರಡೂ ಕಡೆ ಸ್ಕ್ರೀನ್ ಖಾಲಿ. ಈಗ ಕಾಯಬೇಕು, ಮೆಷಿನ್ ಹತ್ತು ನಿಮಿಷ ಮೀರಿ ಸುಮ್ಮನಿರಬೇಕು. ಹದಿನೈದು ಕಾಯೋಣ ಅಂದ. ಪೆಟ್ಟಿಗೆಯ ಮೇಲಿನ ಹೊರೆ ಎಷ್ಟು ಎಂದು ತೋರಿಸುವ ಮೂಲೆಯ ಸಂಖ್ಯೆ ಮೂವತ್ತೊಂದು ಇತ್ತು, ಮೂವತ್ತಾರಾಯಿತು, ನಲವತ್ತಾಯಿತು. ಅವನ ಕೈ ಎರಡು ಸಲ ನಿಲ್ಲಿಸುವ ಗುಂಡಿಗೆ ಹೋಗಿ ಬಂತು. ಅಂಗಿ ಬೆನ್ನಿಗೆ ಅಂಟಿತು, ಅಂಥ ಚಳಿಯಲ್ಲೂ. ಮೇಲೆ ಯಾವುದಾದರೂ ಕೂಸಿಗೆ ಈಗಲೇ ಏನಾದರೂ ಆದರೆ? ಪಕ್ಕದಲ್ಲಿ ನಿಂತವರು ಒಂದು ಕ್ಷಣ ಬೇರೆ ಕಡೆ ನೋಡಿದರೆ? ಫೋನಿನಲ್ಲಿ ಅತ್ತಿಗೆಯ ಉಸಿರು ಕೇಳುತ್ತಿತ್ತು.

"ಹದಿನೈದಾಯ್ತು" ಅಂದರು ಅತ್ತಿಗೆ. "ಒತ್ತಲಾ?"

"ಒತ್ತಿ."

ಎಡಗಡೆ ಒಂದು ಸಾಲು ಮೂಡಿತು. ಏಳನೇ ಮೆಷಿನ್ ಮಾತಾಡಿದೆ. ಬಲಗಡೆ ಏನೂ ಇಲ್ಲ.

ಅತ್ತಿಗೆ ನಾಡಿ ಹಿಡಿಯುವಾಗಿನ ಅಭ್ಯಾಸಬಲದಿಂದ ಎದೆಯ ಗಡಿಯಾರ ನೋಡಿಕೊಂಡು ಎಣಿಸತೊಡಗಿದ್ದರು. "ಒಂದು." ಎಡಗಡೆ ಅದೇ ಸಾಲು ಇನ್ನೊಮ್ಮೆ. ಉತ್ತರ ಬರಲಿಲ್ಲವೆಂದು ಮೆಷಿನ್ ಮತ್ತೆ ತಟ್ಟಿದೆ. "ಎರಡು, ಮೂರು." ಮತ್ತೆ. ಬಲಗಡೆ ಖಾಲಿ. "ನಾಲ್ಕು, ಐದು, ಆರು, ಏಳು." ಮತ್ತೆ. ಪ್ರತಿ ಸಲವೂ ಹಿಂದಿನದಕ್ಕಿಂತ ದುಪ್ಪಟ್ಟು ಹೊತ್ತು ಕಾದು ತಟ್ಟುತ್ತಿತ್ತು, ಮೆಷಿನ್ನುಗಳ ಮರ್ಯಾದೆ ಅದು, ಉತ್ತರ ಕೊಡದವರನ್ನು ಪೀಡಿಸಬಾರದು ಅಂತ. ಹದಿನೈದಕ್ಕೆ ಒಮ್ಮೆ. ಮೂವತ್ತೊಂದಕ್ಕೆ ಒಮ್ಮೆ. ಅತ್ತಿಗೆಯ ದನಿ ಮೂವತ್ತೊಂದರವರೆಗೆ ಗಟ್ಟಿಯಾಗಿತ್ತು.

"ಐವತ್ತೆಂಟು. ಐವತ್ತೊಂಬತ್ತು. ಅರವತ್ತು." ದನಿ ಸಣ್ಣಗಾಯಿತು. "ಮರಿ, ಇಷ್ಟು ಹೊತ್ತಾ?"

"ಎಣಿಸ್ತಾ ಇರಿ ಅತ್ತಿಗೆ."

ಅರವತ್ತಮೂರಕ್ಕೆ ಇನ್ನೊಂದು ತಟ್ಟು. ಬಲಗಡೆ ಖಾಲಿ. ನೂರು ದಾಟಿತು. ಅತ್ತಿಗೆ ಈಗ ಸಂಖ್ಯೆಗಳನ್ನು ಹೇಳುತ್ತಿರಲಿಲ್ಲ, ಪಿಸುಗುಡುತ್ತಿದ್ದರು. ನೂರ ಇಪ್ಪತ್ತೇಳು. ಮೆಷಿನ್ ಕೈಚೆಲ್ಲಿ, ಹಳೆಯ ಮಾತು ಬಿಟ್ಟು, ಹೊಸಬನ ಹಾಗೆ ಮೊದಲಿಂದ "ಹಲೋ" ಎಂದಿತು. ಹೊಸಬರನ್ನು ಪೆಟ್ಟಿಗೆ ಬಿಡುತ್ತದೆ. ಎಡಗಡೆ ಒಂದು ಸಾಲು, ಬಲಗಡೆ ಒಂದು ಸಾಲು, ದೂರದಲ್ಲಿ ಬೆಲ್ಲು.

"ಬಂತು ಬಂತು!" ಎಂದು ಮೆಷಿನ್ ಕಂಪನಿಯವನು ಮೇಜಿನ ಬಳಿಯಿಂದ ಕೂಗಿದ್ದು ಫೋನಿನಲ್ಲೂ ಕೇಳಿಸಿತು. "ನಾನು ಹೇಳ್ಲಿಲ್ವಾ, ಚೆನ್ನಾಗೇ ಇದೆ!"

ಅತ್ತಿಗೆ ಅಳುತ್ತಿದ್ದರು. ಖಾಲಿ ತೊಟ್ಟಿಲಿನ ಮುಂದೆ ನಿಂತು ನೂರ ಇಪ್ಪತ್ತೇಳರವರೆಗೆ ಎಣಿಸುವುದು ಎಂದರೇನು ಎಂಬುದು ಮೂವತ್ತಮೂರು ವರ್ಷ ಕೂಸುಗಳ ನಾಡಿ ಹಿಡಿದವರಿಗೇ ಗೊತ್ತು. ಬೀಗಣ್ಣ ಹಿಡಿದ ಪ್ಯಾಕೆಟ್ಟುಗಳನ್ನೆಲ್ಲ ಉಳಿಸಿಕೊಂಡ. ಆ ಹನ್ನೆರಡು ಮೆಷಿನ್ನುಗಳನ್ನು ಪಟ್ಟಿಯಿಂದ ಎಂದೂ ಹೊಡೆಯಬೇಡ ಎಂದು ಪೆಟ್ಟಿಗೆಗೆ ಬರೆದ, ನಾಲ್ಕು ಸಲ ಓದಿದ. ಅತ್ತಿಗೆಯಿಂದ ಇನ್ನೊಮ್ಮೆ, ಮತ್ತೆ ಹದಿನೈದು ನಿಮಿಷ ಕಾದು, ಒತ್ತಿಸಿದ. ತಕ್ಷಣ ಬೆಲ್ಲು ಹೊಡೆಯಿತು.

ಮೂರು ಗಂಟೆಗೆ ದೊಡ್ಡ ಡಾಕ್ಟರಮ್ಮನ ಕೋಣೆ. ಉದ್ದನೆಯ ಮೇಜು, ಈ ಕಡೆ ಅತ್ತಿಗೆ, ಗೋಡೆಗೆ ಒರಗಿ ಮೆಷಿನ್ ಕಂಪನಿಯವನು. ಬೀಗಣ್ಣ ನಿಂತೇ ಇದ್ದ. ಕಾಗದದ ಮೇಲೆ ಅಚ್ಚು ಹಾಕಿದ ಎರಡು ಸಾಲುಪಟ್ಟಿಗಳನ್ನು ಮುಂದಿಟ್ಟು, ತೊದಲುತ್ತಾ, ತಟ್ಟಿದ್ದು ಯಾವುದು, ದಾಟದೆ ಹೋದದ್ದು ಯಾವುದು ಎಂದು ಬೆರಳಿಟ್ಟು ತೋರಿಸಿದ. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟವರಲ್ಲ. ಅತ್ತಿಗೆಯ ಕಡೆ ತಿರುಗಿ, "ಕ್ಷಮಿಸಿ ಸಿಸ್ಟರ್. ನಿಮ್ಮ ತಪ್ಪಿಲ್ಲ" ಅಂದರು. ಆಮೇಲೆ ಬೀಗಣ್ಣನನ್ನು ನೋಡಿ, ಮುಗಿಸುವ ದನಿಯಲ್ಲಿ, "ಅಂದ್ರೆ ಪೆಟ್ಟಿಗೆ ತಾನಾಗಿಯೇ ಹೀಗೆ ಮಾಡಿದೆ, ಅಲ್ವಾ?" ಎಂದು ಕೇಳಿದರು.

ಅದೇ ಮಾತು. ಆರು ವರ್ಷದ ಹಿಂದೆ ತಾನು ಆಡಿದ ಅದೇ ಮಾತನ್ನು ಬೇರೆಯವರೇ ಅವನ ಕೈಗೆ ಇಡುತ್ತಿದ್ದಾರೆ. ಹೂಂ ಅಂದರೆ ಸಾಕು. ಅತ್ತಿಗೆ ಗೆದ್ದಾಯಿತು, ಕೂಸುಗಳಿಗೆ ಅಪಾಯ ತಪ್ಪಿತು, ಇನ್ನು ಹೂಂ ಅಂದರೆ ಯಾರಿಗೆ ನಷ್ಟ? ಅತ್ತಿಗೆಯ ಎದೆಯ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ತಿರುಗುವುದು ಅವನಿಗೆ ಕಾಣುತ್ತಿತ್ತು. ಒಂದು. ಮೂರು. ಏಳು.

"ಇಲ್ಲ ಮೇಡಂ" ಅಂದ. "ಅದು ತಾನಾಗಿ ಏನೂ ಮಾಡಲ್ಲ. ಹತ್ತು ಅಂತ ಬರೆದವನು ನಾನು. ಮೂರು ವಾರದ ಹಿಂದೆ. ಹೆದರಿಕೆಯಿಂದ. ಯಾರಿಗೂ ಹೇಳ್ಲಿಲ್ಲ. ಆರು ವರ್ಷದ ಹಿಂದೆ ಪೆಟ್ಟಿಗೆ ನಿಂತಿದ್ದೂ ನನ್ನಿಂದಲೇ."

ಅತ್ತಿಗೆ ಮೈದುನನ ಮುಖವನ್ನೇ ನೋಡಿದರು. ಅವರಿಗೂ ಹೇಳಿರಲಿಲ್ಲ. ಡಾಕ್ಟರಮ್ಮ ಕನ್ನಡಕ ಹಾಕಿಕೊಂಡು, ನಾಳೆಯಿಂದ ಆ ಪೆಟ್ಟಿಗೆ ಮುಟ್ಟಬೇಡಿ, ಕೋಣೆಯ ಬೀಗದ ಕೈ ಇಲ್ಲಿಡಿ, ಮುಂದಿನದನ್ನು ಬರವಣಿಗೆಯಲ್ಲಿ ತಿಳಿಸುತ್ತೇವೆ ಅಂದರು. ಬೀಗಣ್ಣ ಬೀಗದ ಕೈ ತೆಗೆದು 'ಟಕ್' ಎಂದು ಮೇಜಿನ ಮೇಲಿಟ್ಟ. ಹೊಟ್ಟೆಯೊಳಗಿನ ಕಲ್ಲು ಈಗ ಇರಲಿಲ್ಲ.

"ಅದಕ್ಕೆ ಮುಂಚೆ ಎಷ್ಟಿತ್ತೋ?" ಎಂದು ಕೇಳಿದವರು ಅತ್ತಿಗೆ.

"ನಲವತ್ತೈದು ನಿಮಿಷ."

"ಆಗ ಹೀಗೆ ಆಗ್ತಿರಲಿಲ್ಲ."

"ಅರ್ಧ ಗಂಟೆಗೊಮ್ಮೆ ನೀವೆಲ್ಲ ಹಸಿರು ಗುಂಡಿ ಒತ್ತುತ್ತಿದ್ರಲ್ಲ ಅತ್ತಿಗೆ. ಅದು ಮರೆಯೋ ಮೊದಲೇ ಒಂದು ಮಾತು ಹೋಗ್ತಿತ್ತು."

"ಒಂದು ಸುತ್ತು ತಪ್ಪಿದ್ರೆ?"

ಬೀಗಣ್ಣ ಉತ್ತರ ಹೇಳಲು ಬಾಯಿ ತೆರೆದ, ಆಗ ಗೊತ್ತಾಯಿತು ಆಕೆ ಏನು ಕೇಳುತ್ತಿದ್ದಾರೆ ಅಂತ. ಒಂದು ಸುತ್ತು ತಪ್ಪಿದರೆ ಮೆಷಿನ್ ಒಂದು ಗಂಟೆ ಸುಮ್ಮನಿರುತ್ತದೆ. ಕೊನೆಯ ಹದಿನೈದು ನಿಮಿಷ ಪೆಟ್ಟಿಗೆಗೆ ಅದು ಯಾರೋ.

"ಆಗಲೂ ಬೆಲ್ಲು ಹೊತ್ತಿಗೆ ಬರ್ತಿರಲಿಲ್ಲ" ಅಂದ.

ಅತ್ತಿಗೆ ಮೇಜಿನ ಅಂಚು ಹಿಡಿದುಕೊಂಡರು. "ನಾಲ್ಕು ವರ್ಷದ ಹಿಂದೆ ಆ ಹುಡುಗಿ ಎರಡು ಗಂಟೆಗೆ ಒತ್ತಿದ್ಲು" ಅಂದರು ನಿಧಾನಕ್ಕೆ. "ಎರಡೂವರೆಗೆ ಎರಡನೇ ತೊಟ್ಟಿಲಿನ ಕೂಸಿಗೆ ಸೂಜಿ ಕಿತ್ತು ಬಂದಿತ್ತಂತೆ, ಅದನ್ನ ಹಾಕ್ತಾ ನಿಂತಿದ್ಲಂತೆ. ಎರಡೂ ಐವತ್ತೆರಡಕ್ಕೆ ಆ ಕೂಸು… 'ಬೆಲ್ಲು ಬರಲಿಲ್ಲ ಅಕ್ಕಾ' ಅಂದ್ಲು. ನನ್ನ ಕೈ ಹಿಡ್ಕೊಂಡು ಅಂದ್ಲು. ನಾನು ಕೈ ಕೊಡವಿ ಸಹಿ ಹಾಕ್ದೆ."

ಡಾಕ್ಟರಮ್ಮ ಸಾಲುಪಟ್ಟಿಗಳನ್ನು ಮತ್ತೆ ತಮ್ಮ ಕಡೆ ಎಳೆದುಕೊಂಡರು.

ಹೊರಗೆ ಬಂದು ಇಬ್ಬರೂ ವಾರ್ಡಿನ ಹೊರಗಿನ ಅದೇ ಬೆಂಚಿನ ಮೇಲೆ ಕೂತರು. ಸಂಜೆಯ ಪಾಳಿಯವರು ಬಂದು ಹೋಗುತ್ತಿದ್ದರು, ಅತ್ತಿಗೆಯನ್ನು ಕಂಡು ಖುಷಿಯಿಂದ ಕೈ ಎತ್ತುತ್ತಿದ್ದರು, ಗೆದ್ದ ಸುದ್ದಿ ಆಗಲೇ ಹಬ್ಬಿತ್ತು. ಅತ್ತಿಗೆಗೆ ಅದು ಕಾಣಿಸಲಿಲ್ಲ. ಬೆಳಗಿನ ಭಯ ಹೋಗಿ ಅದಕ್ಕಿಂತ ದೊಡ್ಡದೊಂದು ಅವರ ಮುಖದ ಮೇಲೆ ಬಂದು ಕೂತಿತ್ತು. ಬ್ಯಾಗಿನಿಂದ ಮೊಬೈಲ್ ತೆಗೆದರು. ನಾಲ್ಕು ವರ್ಷವಾದರೂ ಆ ಹುಡುಗಿಯ ನಂಬರನ್ನು ಅಳಿಸಿರಲಿಲ್ಲ, ಯಾಕೆ ಅಂತ ಅವರಿಗೂ ಗೊತ್ತಿಲ್ಲ.

ಒತ್ತಿದರು. ಆ ಕಡೆ ರಿಂಗಾಗುತ್ತಿರುವುದು ಬೀಗಣ್ಣನಿಗೂ ಕೇಳುತ್ತಿತ್ತು. ತುಂಬ ಹೊತ್ತು ಆಯಿತು. ಆಮೇಲೆ ಹೆಂಗಸಿನ ದನಿ, ಹಿಂದೆ ಪಾತ್ರೆಗಳ ಸದ್ದು.

"ಹಲೋ? ಯಾರು?"

ಅತ್ತಿಗೆಯ ತುಟಿ ಅಲುಗಿತು, ಮಾತು ಬರಲಿಲ್ಲ. ಮಾತಿಗೆ ಎಂದೂ ಬರ ಇಲ್ಲದ ಹೆಂಗಸು ಫೋನು ಕಿವಿಗೆ ಒತ್ತಿಕೊಂಡು ಕೂತಿದ್ದರು.

"ಹಲೋ? ಯಾರು ಮಾತಾಡ್ತಿರೋದು? ಹಲೋ?"

ಬೀಗಣ್ಣ ಅತ್ತಿಗೆಯ ಭುಜದ ಮೇಲೆ ಕೈಯಿಟ್ಟ.

"ಮಾತಾಡಿ ಅತ್ತಿಗೆ" ಅಂದ. "ಸುಮ್ಮನಿದ್ದರೆ ಕಟ್ ಆಗುತ್ತೆ."